ಜಪಸರ ಕೊಟ್ಟು ಕಳುಹಿಸಿದರೆ ಸಾಲದು: ಕೊಡಗಿನ ಗುರುಗಳಿಗೂ ಸಭಾಹಿರಿಯರಿಗೂ ಒಂದು ಬಹಿರಂಗ ಪತ್ರ

ಕೊಡಗಿನ ಧರ್ಮಕೇಂದ್ರಗಳ ಪೂಜ್ಯ ಗುರುಗಳಿಗೆ, ಸಭಾಪಾಲಕರಿಗೆ, ಪಾಲನಾ ಪರಿಷತ್ತುಗಳ ಹಿರಿಯರಿಗೆ,

ವಂದನೆಗಳು.

ಕಳೆದ ತಿಂಗಳ ಒಂದು ಭಾನುವಾರ ನಮ್ಮ ದೇವಾಲಯದಲ್ಲಿ ಬಲಿಪೂಜೆ ಮುಗಿದ ಮೇಲೆ, ನರ್ಸಿಂಗ್ ಓದು ಮುಗಿಸಿ ಊರು ಬಿಟ್ಟು ಕೆಲಸಕ್ಕೆ ಹೊರಟಿರುವ ನಾಲ್ವರು ಹೆಣ್ಣುಮಕ್ಕಳನ್ನು ಪೀಠದ ಮುಂದೆ ಕರೆದು ನಿಲ್ಲಿಸಿ, ಕೊರಳಿಗೆ ಹಾರ ಹಾಕಿ, ಕೈಗೊಂದು ಜಪಸರ ಕೊಟ್ಟು, ಎಲ್ಲೇ ಇದ್ದರೂ ಕ್ರಿಸ್ತನಿಗೆ ಧೈರ್ಯದಿಂದ ಸಾಕ್ಷಿಗಳಾಗಿರಿ ಎಂದು ಹರಸಿ ಕಳುಹಿಸಲಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ಸಂಜೆ ಆ ನಾಲ್ವರಲ್ಲಿ ಒಬ್ಬಳು, ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ನಮ್ಮ ಮನೆಗೆ ಬಂದಳು. ಕಾಫಿ ಕುಡಿದು ಲೋಟ ಕೆಳಗಿಡುವ ತನಕ ಏನೂ ಮಾತಾಡಲಿಲ್ಲ. ಆಮೇಲೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಜಪಸರವನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಸಿಸ್ಟರಮ್ಮ, ಇದನ್ನ ಸೌದಿಗೆ ತಗೊಂಡು ಹೋಗಬಹುದಾ, ಇಲ್ಲ ಏರ್‌ಪೋರ್ಟಲ್ಲೇ ಕಿತ್ಕೊಳ್ತಾರಾ?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ಪೀಠದ ಮುಂದೆ ನಿಂತಿದ್ದಾಗ ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೇಳಿದ್ದರೆ ಅಲ್ಲಿದ್ದ ನಾವು ಏನು ಉತ್ತರ ಕೊಡುತ್ತಿದ್ದೆವು ಎಂಬುದನ್ನು ಯೋಚಿಸುತ್ತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೈದು ವರ್ಷ ಆ ದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದು ಬಂದವಳು ನಾನು. ಹೊರಡುವಾಗ ನನಗೂ ಹೀಗೆಯೇ ಹಾರ ಹಾಕಿದ್ದರು, ಹೀಗೆಯೇ ಜಪಸರ ಕೊಟ್ಟಿದ್ದರು. ಅದನ್ನು ಇಳಿದ ಮೊದಲ ಗಂಟೆಯಲ್ಲಿಯೇ ಪೆಟ್ಟಿಗೆ ತಪಾಸಣೆ ಮಾಡುವ ಮೇಜಿನ ಬಳಿಯ ಡಬ್ಬಿಗೆ ಎಸೆದರು. ನಾನು ಅತ್ತದ್ದು ಜಪಸರ ಹೋಯಿತೆಂದಲ್ಲ, ಹೀಗಾಗುತ್ತದೆಂದು ನಮ್ಮೂರಿನಲ್ಲಿ ಒಬ್ಬರೂ ಮೊದಲೇ ಹೇಳಿರಲಿಲ್ಲವಲ್ಲ ಎಂದು.

ಅಂದಿಗೂ ಇಂದಿಗೂ ಅಲ್ಲಿ ವ್ಯತ್ಯಾಸವಿದೆ, ಅದನ್ನೂ ಹೇಳಬೇಕು. ನನ್ನ ಕಾಲದಲ್ಲಿ ವಾಸದ ಪರವಾನಗಿಯಾದ ಇಕಾಮಾ ಒಂದು ಪುಟ್ಟ ಪುಸ್ತಕದಂತಿತ್ತು. ಮುಸ್ಲಿಮರಿಗೆ ಹಸಿರು ರಟ್ಟು, ಉಳಿದವರಿಗೆ ಕಂದು ರಟ್ಟು. ವಿಶ್ವಾಸವನ್ನು ಬಚ್ಚಿಡಬೇಕೋ ತೋರಿಸಬೇಕೋ ಎಂದು ನಾವು ಊರಲ್ಲಿ ಕುಳಿತು ಚರ್ಚಿಸುತ್ತೇವಲ್ಲ, ಅಲ್ಲಿ ಅದು ಕೈಚೀಲದಲ್ಲಿಯೇ ಬಣ್ಣ ಹಚ್ಚಿಕೊಂಡು ಕುಳಿತಿರುತ್ತಿತ್ತು. ಧಾರ್ಮಿಕ ಪೊಲೀಸರಿಗೆ ಬಂಧಿಸುವ ಅಧಿಕಾರ ಆಗ ಇತ್ತು. 2016ರಲ್ಲಿ ಅದನ್ನು ತೆಗೆದುಹಾಕಲಾಯಿತು. ಆದರೂ ಲಕ್ಷಾಂತರ ಕ್ರೈಸ್ತರು ದುಡಿಯುತ್ತಿರುವ ಆ ದೇಶದಲ್ಲಿ ಇಂದಿಗೂ ಒಂದು ದೇವಾಲಯವಿಲ್ಲ. ಅದೇ ಕೊಲ್ಲಿಯ ಬಹರೇನ್‌ನಲ್ಲಿ 1939ರಿಂದ ಕಥೋಲಿಕ ದೇವಾಲಯವಿದೆ, ದೋಹಾದಲ್ಲಿ 2008ರಲ್ಲಿ ಆಯಿತು, ಅಬುಧಾಬಿಯಲ್ಲಿ ವಾರದ ಪೂಜೆಗೆ ಕಾಲಿಡಲು ಜಾಗವಿರುವುದಿಲ್ಲ. ಈ ದೇವಾಲಯಗಳ ನೆಲವನ್ನು ಕೊಟ್ಟವರು ಅಲ್ಲಿನ ಮುಸ್ಲಿಂ ಅರಸರು. "ಗಲ್ಫ್‌ಗೆ ಹೋಗುತ್ತಿದ್ದಾಳೆ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಜಾಗದೊಳಗೆ ಇಷ್ಟೊಂದು ಬೇರೆಬೇರೆ ಜಾಗಗಳಿವೆ.

ಅರಸರು ನೆಲ ಕೊಟ್ಟ ಕಥೆ ಕೊಡಗಿನವರಾದ ನಮಗೆ ಹೊಸದಾಗಿ ಕಾಣಬಾರದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟು, 1792ರಲ್ಲಿ ಸಂತ ಅನ್ನಮ್ಮನವರ ದೇವಾಲಯಕ್ಕೆ ಆಸರೆಯಾದವನು ದೊಡ್ಡವೀರರಾಜೇಂದ್ರ, ವೀರಶೈವ ಅರಸ. ಅಮ್ಮತ್ತಿಯ ಕಡೆ ಆನಂದಪುರವನ್ನು ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕಟ್ಟಿದ್ದು ಅನ್ಯರ ಗದ್ದೆಯಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದವರಿಗಾಗಿ. ಜಿಲ್ಲೆಯ ಜನಸಂಖ್ಯೆಯಲ್ಲಿ 2011ರ ಗಣತಿಯಂತೆ ನೂರಕ್ಕೆ ಮೂವರಷ್ಟಿರುವ ನಾವು ಪರರ ಔದಾರ್ಯದ ನೆರಳಲ್ಲಿಯೇ ಬೇರೂರಿದವರು. ಹಾಗಿದ್ದೂ ನಮ್ಮ ಪ್ರಸಂಗಗಳಲ್ಲಿ ಹೊರಗಿನ ಲೋಕವೆಂದರೆ ಸದಾ ತೋಳಗಳ ಕಾಡು, ನಾವು ಕುರಿಮರಿಗಳು. ಯೇಸುಸ್ವಾಮಿ ಆ ಮಾತನ್ನು ಹೇಳಿದ್ದು ನಿಜ. ಆದರೆ ಅದೇ ಉಸಿರಿನಲ್ಲಿ ಹಾವಿನಂತೆ ಜಾಣರಾಗಿರಿ ಎಂದರು, ಒಂದೂರಲ್ಲಿ ಹಿಂಸಿಸಿದರೆ ಇನ್ನೊಂದೂರಿಗೆ ಓಡಿಹೋಗಿ ಎಂದೂ ಅದೇ ಅಧ್ಯಾಯದಲ್ಲಿ ಹೇಳಿದರು. ಓಡಿಹೋಗಿ ಎಂಬ ಆ ವಾಕ್ಯದ ಮೇಲೆ ನಾನು ಇಂದಿನವರೆಗೆ ಒಂದು ಪ್ರಸಂಗವನ್ನೂ ಕೇಳಿಲ್ಲ. ಸಂತ ಪೌಲರನ್ನು ಕೊಲ್ಲಲು ಕಾದಿದ್ದವರಿಂದ ತಪ್ಪಿಸಲು ದಮಸ್ಕದ ಗೋಡೆಯಿಂದ ಕುಕ್ಕೆಯಲ್ಲಿ ಕೂರಿಸಿ ಇಳಿಸಿದರು. ಚಾಟಿಯಿಂದ ಹೊಡೆಯಲು ಕಟ್ಟಿಹಾಕಿದಾಗ ಅವರು ತಾನು ರೋಮನ್ ಪ್ರಜೆಯೆಂಬ ಹಕ್ಕನ್ನು ಎತ್ತಿ ಆಡಿದರು. ನಮ್ಮ ಸಿದ್ದಾಪುರದ ಕಡೆ ಕಾಫಿ ಕೊಯ್ಯಲು ಹೋಗುವ ಹೆಂಗಸರು ದೇವರನ್ನು ನೆನೆದೇ ತೋಟಕ್ಕೆ ಇಳಿಯುತ್ತಾರೆ, ಆದರೆ ಆನೆ ನಿನ್ನೆ ರಾತ್ರಿ ಯಾವ ಕಡೆ ಹೋಯಿತೆಂದು ಮೇಸ್ತ್ರಿಯನ್ನು ಕೇಳಿಕೊಂಡೇ ಇಳಿಯುತ್ತಾರೆ. ಅವರ ದೈವಭಕ್ತಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಈಗ ನನ್ನ ಸ್ವಂತ ವಿಷಯ ಹೇಳಲೇಬೇಕು. ಹೇಳದಿದ್ದರೆ ಈ ಪತ್ರ ಬರೆಯುವ ಅರ್ಹತೆ ನನಗಿಲ್ಲ.

ನಾವಿದ್ದ ದಾದಿಯರ ವಸತಿಯಲ್ಲಿ ಫಿಲಿಪ್ಪೀನ್ಸ್‌ನ ಒಬ್ಬ ದಾದಿಯ ಕೋಣೆಯಲ್ಲಿ ಗುರುವಾರ ರಾತ್ರಿ ಹತ್ತು ಹನ್ನೆರಡು ಜನ ಸೇರಿ ಜಪಸರ ಹೇಳುತ್ತಿದ್ದೆವು. ಪರದೆ ಎಳೆದಿರಬೇಕು, ಹಾಡಬಾರದು. ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡುವಂತಿಲ್ಲ. ರಾಶಿ ಕಂಡರೆ ಒಳಗೆ ಜನ ಸೇರಿದ್ದಾರೆಂದು ಗೊತ್ತಾಗುತ್ತದೆ. ಆದ್ದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ತಂದು ಮಂಚದ ಕೆಳಗೆ ಸಾಲಾಗಿ ಇಡುತ್ತಿದ್ದೆವು. ಜಪಸರ ಯಾರ ಬಳಿಯೂ ಇರಲಿಲ್ಲ, ಬೆರಳ ಗೆಣ್ಣುಗಳನ್ನು ಎಣಿಸುತ್ತಿದ್ದೆವು. ಒಂದು ಗುರುವಾರ ನನಗೆ ರಾತ್ರಿ ಪಾಳಿ ಬಂದು ನಾನು ಹೋಗಿರಲಿಲ್ಲ, ಅದೇ ರಾತ್ರಿ ಯಾರೋ ತಿಳಿಸಿದ್ದರಿಂದ ಕೋಣೆಯ ತಪಾಸಣೆಯಾಯಿತು. ಮರುದಿನ ಬೆಳಿಗ್ಗೆ ಮೇಲಧಿಕಾರಿ ನನ್ನನ್ನು ಕರೆದು, ಆ ದಾದಿಯನ್ನು ನೀನು ಬಲ್ಲೆಯಾ ಎಂದು ಕೇಳಿದರು. ವಾರ್ಡಿನಲ್ಲಿ ನೋಡಿದ್ದೇನೆ, ಅಷ್ಟೇ ಎಂದೆ. ಆಕೆಯ ಕೋಣೆಗೆ ಹೋಗುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಯೇಸುವನ್ನು ಅರಿಯೆನೆಂದು ಸುಳ್ಳು ಹೇಳಿದ ಪೇತ್ರರಿಗೆ ಎಚ್ಚರಿಸಲು ಕೋಳಿಯಾದರೂ ಕೂಗಿತ್ತು, ಆ ಕಚೇರಿಯಲ್ಲಿ ಏಸಿ ಮಾತ್ರ ಗುಂಯ್‌ಗುಡುತ್ತಿತ್ತು. ವಾರದೊಳಗೆ ಆಕೆಯನ್ನು ಊರಿಗೆ ಕಳುಹಿಸಿಬಿಟ್ಟರು. ಹೊರಡುವ ಹಿಂದಿನ ರಾತ್ರಿ ಆಕೆ ಕಾರಿಡಾರಿನಲ್ಲಿ ಎಲ್ಲರ ಬಾಗಿಲು ತಟ್ಟಿ ಬೀಳ್ಕೊಂಡಳು, ನನ್ನ ಬಾಗಿಲೊಂದನ್ನು ಬಿಟ್ಟಳು. ಕೋಪವಿರಬೇಕೆಂದುಕೊಂಡಿದ್ದೆ. ತಟ್ಟಿದರೆ ನಿನಗೆ ತೊಂದರೆಯಾದೀತೆಂದು ಬಿಟ್ಟಳಂತೆ ಎಂದು ಪಕ್ಕದ ಕೋಣೆಯವಳು ಆಮೇಲೆ ಹೇಳಿದಳು.

ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದೆ. ಮೂರು ನಮೋ ಮರಿಯಾ ಪ್ರಾರ್ಥನೆ ಹೇಳು ಎಂದರು. ಪ್ರಾಯಶ್ಚಿತ್ತ ಕಡಿಮೆಯಾಯಿತೆಂದು ನಾನು ದೂರುತ್ತಿಲ್ಲ. ಆದರೆ ಹದಿನೈದು ವರ್ಷಗಳಲ್ಲಿ, ಮತ್ತು ಬಂದ ಮೇಲಿನ ಇಷ್ಟು ವರ್ಷಗಳಲ್ಲಿ, ಅಲ್ಲಿ ನಿನ್ನ ವಿಶ್ವಾಸದ ಬದುಕು ಹೇಗಿತ್ತಮ್ಮ ಎಂದು ನಮ್ಮ ಧರ್ಮಕೇಂದ್ರದ ಒಬ್ಬರೂ ಕೇಳಲಿಲ್ಲ. ಪರಿಷತ್ತಿನ ಹಿರಿಯರು ಕೇಳಿದ್ದು ದೇವಾಲಯದ ಗಂಟೆಗೋಪುರಕ್ಕೆ ಎಷ್ಟು ಕೊಡುತ್ತೀ ಎಂದು. ಕೊಟ್ಟಿದ್ದೇನೆ.

ನಮ್ಮ ಬೋಧನೆಯಲ್ಲಿ ಎರಡೇ ಬಗೆಯ ಜನರಿದ್ದಾರೆ: ಪ್ರಾಣ ಕೊಟ್ಟ ರಕ್ತಸಾಕ್ಷಿಗಳು ಮತ್ತು ವಿಶ್ವಾಸ ಬಿಟ್ಟ ದ್ರೋಹಿಗಳು. ಪರದೆ ಎಳೆದು, ಚಪ್ಪಲಿ ಒಳಗಿಟ್ಟು, ಒಮ್ಮೆ ಸುಳ್ಳು ಹೇಳಿ, ಮರುದಿನ ಮತ್ತೆ ಡ್ಯೂಟಿಗೆ ಹೋದವರಿಗೆ ಅಲ್ಲಿ ಜಾಗವಿಲ್ಲ. ಅಪಾಯದ ಜಾಗಗಳಲ್ಲಿ ಬದುಕುವ ಕ್ರೈಸ್ತರಲ್ಲಿ ಹೆಚ್ಚಿನವರು ಇಂಥವರೇ. ರಕ್ತಸಾಕ್ಷಿಗಳ ಕಥೆಯನ್ನಾದರೂ ನಾವು ಪೂರ್ತಿ ಹೇಳುತ್ತೇವೆಯೇ? 2016ರ ಮಾರ್ಚ್ 4ರಂದು ಯೆಮೆನ್‌ನ ಏಡನ್ ನಗರದಲ್ಲಿ ಮದರ್ ತೆರೇಸಾರ ಸಭೆಯ ವೃದ್ಧಾಶ್ರಮದ ಮೇಲೆ ಬಂದೂಕುಧಾರಿಗಳು ನುಗ್ಗಿದರು. ನಾಲ್ವರು ಕನ್ಯಾಸ್ತ್ರೀಯರು ಹತರಾದರು, ಅವರಲ್ಲೊಬ್ಬರು ಭಾರತದವರು. ಸಲೇಷಿಯನ್ ಗುರುಗಳ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಹೊತ್ತೊಯ್ದರು, ಅವರು ಬಿಡುಗಡೆಯಾಗಿದ್ದು 2017ರ ಸೆಪ್ಟೆಂಬರ್ 12ರಂದು. ಅವರಿಗಾಗಿ ನಮ್ಮಲ್ಲಿಯೂ ಪ್ರಾರ್ಥನೆ ನಡೆಯಿತು. ಆದರೆ ಆ ಬೆಳಿಗ್ಗೆ ಸತ್ತವರು ಹದಿನಾರು ಜನ. ಕನ್ಯಾಸ್ತ್ರೀಯರ ಜೊತೆ ಅಡುಗೆಗೂ ಆರೈಕೆಗೂ ಇದ್ದವರು, ಗೇಟಿನ ಕಾವಲುಗಾರರು, ಅವರಲ್ಲಿ ಮುಸ್ಲಿಮರೂ ಇದ್ದರು. ಆ ಹನ್ನೆರಡು ಜನರನ್ನು ನಾವು ನೆನೆಯಲೇ ಇಲ್ಲ. ಆ ಸಹೋದರಿಯರು ಸಾವನ್ನು ಅರಸಿಕೊಂಡು ಅಲ್ಲಿ ಉಳಿದವರಲ್ಲ. ಹಾಸಿಗೆ ಹಿಡಿದ ಮುದುಕರನ್ನು ಎತ್ತಿಕೊಂಡು ಹೋಗಲು ಆಗದು, ಬಿಟ್ಟು ಹೋಗಲು ಮನಸ್ಸಾಗದು ಎಂದು ಉಳಿದವರು. ದಾದಿಯಾದವಳಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪಾಳಿ ಬದಲಿಸುವವರು ಬರುವ ತನಕ ವಾರ್ಡ್ ಬಿಡಬಾರದು, ಅಷ್ಟೇ. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟ ಮೇಲೆ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದನ್ನು ನಾವು ಬಾಯಿಪಾಠ ಮಾಡಿದ್ದೇವೆ. ಆಕೆಯೂ ದಾದಿಯೆಂಬುದನ್ನು, ಆಮೇಲೂ ವರ್ಷಗಟ್ಟಲೆ ಬಾರಿಪದಾದಲ್ಲಿದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರೆಂಬುದನ್ನು ಹೇಳುವವರು ಕಡಿಮೆ.

ಇನ್ನು ಆ ನಾಲ್ವರಲ್ಲಿ ಇಬ್ಬರು ಹೊರಟಿರುವುದು ಇಂಗ್ಲೆಂಡಿಗೆ, ಐರ್ಲೆಂಡಿಗೆ. ಅವರ ಬಗ್ಗೆ ತಂದೆತಾಯಿಗಳಿಗೆ ಚಿಂತೆಯೇ ಇಲ್ಲ, ಕ್ರೈಸ್ತರ ದೇಶವಲ್ಲವೇ ಎನ್ನುತ್ತಾರೆ. ಸೌದಿಗೆ ಹೋಗುವವಳಿಗಿಂತ ಇವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಎದುರಿಗೆ ಗೋಡೆಯಿದ್ದರೆ ಒರಗಲಿಕ್ಕಾದರೂ ಆಗುತ್ತದೆ. ಬಯಲಿನಲ್ಲಿ ಯಾರೂ ತಡೆಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗಳು ಹೇಳುವಂತೆ, ಅಲ್ಲಿ ಆರು ವರ್ಷದಿಂದ ಪಕ್ಕದಲ್ಲಿ ಕೂರುವವರಿಗೆ ಅವಳು ಕ್ರೈಸ್ತಳೆಂಬುದು ಕ್ರಿಸ್‌ಮಸ್ ಕೇಕಿನ ದಿನ ಮಾತ್ರ ನೆನಪಾಗುತ್ತದೆ. ಈಚೆಗೆ ಅವಳಿಗೂ ಅಂದೇ ನೆನಪಾಗುತ್ತದಂತೆ. ನಗುತ್ತಲೇ ಹೇಳಿದಳು.

ಅಂಥ ಸೆಕ್ಯುಲರ್ ಜಾಗಗಳಲ್ಲಿ ಏಳುವ ಜಗಳ ಬೇರೆ ಬಗೆಯದು. ಕುತ್ತಿಗೆಯಲ್ಲಿ ಶಿಲುಬೆ ಧರಿಸುವ ವಿಷಯವಾಗಿ ಬ್ರಿಟನ್ನಿನ ಇಬ್ಬರು ಹೆಂಗಸರ ಮೊಕದ್ದಮೆಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದವು. 2013ರ ಜನವರಿಯಲ್ಲಿ ತೀರ್ಪು ಬಂದಾಗ ವಿಮಾನ ಸಂಸ್ಥೆಯಲ್ಲಿದ್ದ ನಾಡಿಯಾ ಎವೈಡಾ ಗೆದ್ದರು, ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಶರ್ಲಿ ಚಾಪ್ಲಿನ್ ಸೋತರು. ಸರವನ್ನು ರೋಗಿ ಹಿಡಿದೆಳೆಯಬಹುದು, ಗಾಯಕ್ಕೆ ತಾಗಬಹುದು ಎಂಬ ಆಸ್ಪತ್ರೆಯ ವಾದವನ್ನು ನ್ಯಾಯಾಲಯ ಒಪ್ಪಿತು. ನಮ್ಮ ಕೆಲವು ಪತ್ರಿಕೆಗಳು ಆಗ ಇದನ್ನು ಕ್ರೈಸ್ತರ ಮೇಲಿನ ಹಿಂಸೆಯೆಂದು ಬರೆದವು. ನನ್ನನ್ನು ಕೇಳಿದರೆ ದಾದಿಯ ವಿಷಯದಲ್ಲಿ ತೀರ್ಪು ಸರಿಯೇ ಇದೆ. ಗಾಯಕ್ಕೆ ಡ್ರೆಸಿಂಗ್ ಮಾಡುವ ಕೈಯಲ್ಲಿ ನಾನು ಬಳೆಯನ್ನೂ ಇಟ್ಟುಕೊಂಡವಳಲ್ಲ, ಮದುವೆಯ ಉಂಗುರವನ್ನೂ ತೆಗೆದಿಡುತ್ತಿದ್ದೆ. ಎಲ್ಲ ನಿಯಮವನ್ನೂ ಶಿಲುಬೆಗೇರಿಸುವ ಮೊಳೆಯೆಂದು ತಿಳಿಯುವುದನ್ನು ನಮ್ಮ ಮಕ್ಕಳಿಗೆ ಕಲಿಸಿದರೆ, ನಿಜವಾಗಿ ಮೊಳೆ ಹೊಡೆಯಲು ಬಂದವರನ್ನು ಅವರು ಗುರುತಿಸಲಾರರು.

ನಾಲ್ಕನೆಯವಳು ಎಲ್ಲಿಗೂ ದೂರ ಹೋಗುತ್ತಿಲ್ಲ, ಮೈಸೂರಿನ ಆಸ್ಪತ್ರೆಯೊಂದಕ್ಕೆ. ಅಲ್ಲಿಯೂ ಹೇಳಿಕೊಡಬೇಕಾದದ್ದಿದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆಯ ಪ್ರಕಾರ ಮತ ಬದಲಿಸುವವರು ಮೂವತ್ತು ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ಆಮಿಷ ಒಡ್ಡಿದರೆಂದು ರಕ್ತಸಂಬಂಧಿಗಳಷ್ಟೇ ಅಲ್ಲ, ಜೊತೆಗೆ ಕೆಲಸ ಮಾಡುವವರೂ ದೂರು ಕೊಡಬಹುದು. ಹೆಂಗಸರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ ಹತ್ತು ವರ್ಷದವರೆಗೆ. ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂವಿಧಾನದ 25ನೆಯ ವಿಧಿ ಕೊಟ್ಟಿರುವ ಅಂತಃಕರಣದ ಸ್ವಾತಂತ್ರ್ಯಕ್ಕೆ ಇಂಥ ಕಾಯ್ದೆ ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ರೋಗಿಯ ಹಾಸಿಗೆಯ ಬಳಿ ನಿಂತವಳಿಗೆ ಯಾವ ಕಾಯ್ದೆಗಿಂತಲೂ ಮೊದಲು ಬರುವ ಮಾತೊಂದಿದೆ. ಮೂತ್ರದ ನಳಿಕೆ, ಡ್ರಿಪ್ ಹಾಕಿಸಿಕೊಂಡು ಮಲಗಿರುವ ಮನುಷ್ಯ ನನ್ನ ಮಾತು ಬೇಡವೆಂದರೆ ಎದ್ದು ಹೋಗಲಾರ. ಎದ್ದು ಹೋಗಲಾರದವನಿಗೆ ನನ್ನ ದೇವರನ್ನು ಹೇಳುವುದು ಸುವಾರ್ತೆಯಾಗದು. ಅವನಾಗಿಯೇ ಕೇಳಿದರೆ ಬೇರೆ ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲದ ಕಡೆಯ ಜನ ಪರಿಹಾರ ಕೇಂದ್ರಗಳಲ್ಲಿದ್ದಾಗ ನಾನೂ ಹೋಗಿ ಸಕ್ಕರೆ, ಬಿಪಿ ನೋಡಿಕೊಡುತ್ತಿದ್ದೆ. ಮನೆ, ತೋಟ ಎರಡನ್ನೂ ಕಳೆದುಕೊಂಡ ಕೊಡವರ ಅಜ್ಜಿಯೊಬ್ಬರು ರಾತ್ರಿ ಹೊತ್ತು ನನ್ನ ಕೈ ಹಿಡಿದು, "ನಿನ್ನ ದೇವರಿಗೂ ಒಂದು ಮಾತು ಹೇಳಿಬಿಡವ್ವ, ನಮ್ಮ ಇಗ್ಗುತ್ತಪ್ಪನಿಗೆ ನಾನು ಹೇಳಿಯಾಗಿದೆ" ಎಂದರು. ಹೇಳಿದೆ. ಕೈ ಬಿಡಿಸಿಕೊಳ್ಳದೆ, ಅವರಿಗೆ ಕೇಳುವಷ್ಟೇ ದನಿಯಲ್ಲಿ. ಸೌದಿಯಲ್ಲಿ ಒಮ್ಮೆ ಹಳ್ಳಿಯ ಮುದುಕಿಯೊಬ್ಬರು ಆಪರೇಷನ್‌ಗೆ ಮುನ್ನ ಹೀಗೆಯೇ ಕೇಳಿದ್ದರು, ಅಲ್ಲಿ ಮನಸ್ಸಿನಲ್ಲಿಯೇ ಹೇಳಿದ್ದೆ. ಎರಡರಲ್ಲಿ ಯಾವುದು ದೊಡ್ಡ ಸಾಕ್ಷಿ ಎಂದು ಅಳೆಯಲು ನನಗೆ ಬರುವುದಿಲ್ಲ.

ಕೆಲಸದ ನಡುವೆ ಪ್ರಾರ್ಥನೆ ಹೇಗೆ ಎಂದು ಆ ಹುಡುಗಿ ಕೇಳಿದಳು. ಮೊದಮೊದಲು ನಾನು ಡ್ರಿಪ್ಪಿನ ಹನಿಗಳನ್ನೇ ಜಪಸರದ ಮಣಿ ಮಾಡಿಕೊಂಡಿದ್ದೆ. ಒಂದು ಲೀಟರ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕಾದರೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ನಲವತ್ತೆರಡು ಹನಿ ಬರಬೇಕು; ಗಡಿಯಾರದ ಮುಳ್ಳಿನ ಮೇಲೆ ಒಂದು ಕಣ್ಣು, ಹನಿಯ ಮೇಲೊಂದು ಕಣ್ಣು ಇರಬೇಕು. ಬಾಯಲ್ಲಿ ಜಪ ಹೇಳುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಎರಡು ಸಲ ತಪ್ಪಿ, ಮತ್ತೆ ಮೊದಲಿಂದ ಎಣಿಸಿದ ಮೇಲೆ ಜಪ ಬಿಟ್ಟು ಹನಿಯನ್ನಷ್ಟೇ ಎಣಿಸತೊಡಗಿದೆ. ಆ ನಲವತ್ತೆರಡು ಹನಿಗಳನ್ನು ಸರಿಯಾಗಿ ಎಣಿಸುವುದನ್ನೇ ದೇವರು ಪ್ರಾರ್ಥನೆಯೆಂದು ಒಪ್ಪಿಕೊಂಡಾರೆಂದು ನಂಬಿ ಹದಿನೈದು ವರ್ಷ ಕಳೆದೆ. ದೈವಶಾಸ್ತ್ರದಲ್ಲಿ ಇದು ಸರಿಯೋ ತಪ್ಪೋ ನೀವು ಹೇಳಬೇಕು. ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದಲ್ಲಿಯೂ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಬೇಡಿಕೊಳ್ಳಿ ಎಂದಿದೆಯೇ ಹೊರತು, ಬೀದಿಯಲ್ಲಿ ನಿಂತು ಕೂಗಿ ಎಂದು ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಾರ, ಜಪಸರ, ಆಶೀರ್ವಾದ ಎಲ್ಲ ಇರಲಿ. ಅದಕ್ಕೆ ಮೊದಲು, ಹೊರಡುವವರನ್ನು ಅರ್ಧ ದಿನ ಕೂರಿಸಿ, ಹೋಗಿ ಬಂದವರನ್ನು ಕರೆಸಿ ಮಾತಾಡಿಸಿ. ಕೊಡಗಿನಲ್ಲಿ ಅಂಥವರು ಊರಿಗಿಬ್ಬರಾದರೂ ಸಿಗುತ್ತಾರೆ: ದಾದಿಯರು, ಡ್ರೈವರುಗಳು, ಸೇನೆಯಿಂದ ನಿವೃತ್ತರಾದವರು. ಯಾವ ದೇಶದ ಕಾನೂನು ಏನನ್ನುತ್ತದೆ, ಫೋನಿನಲ್ಲಿ ಏನಿರಬಾರದು, ಪಾಸ್‌ಪೋರ್ಟ್ ಮಾಲೀಕರ ಕೈಗೆ ಹೋದರೆ ಅದರ ಪ್ರತಿ ಎಲ್ಲಿಟ್ಟುಕೊಳ್ಳಬೇಕು, ರಾಯಭಾರ ಕಚೇರಿಗೆ ದೂರು ಕೊಡುವ ಮದದ್ ಪೋರ್ಟಲ್ ಬಳಸುವುದು ಹೇಗೆ ಎಂಬುದನ್ನು ತಿಳಿಸುವುದೂ ಪಾಲನಾ ಸೇವೆಯೇ. ಸುಳ್ಳು ಹೇಳುವ ಗಳಿಗೆ ಬರಬಹುದು, ಹೇಳಿಬಿಟ್ಟರೆ ಮನೆಗೆ ಬರುವ ದಾರಿ ಮುಚ್ಚುವುದಿಲ್ಲ ಎಂಬುದನ್ನು ಮೊದಲೇ ಹೇಳಿ ಕಳುಹಿಸಿ. ಹೋದವರಿಗೆ ತಿಂಗಳಿಗೊಮ್ಮೆಯಾದರೂ ಫೋನ್ ಮಾಡಲು ಒಬ್ಬರನ್ನು ನೇಮಿಸಿ, ಚಂದಾ ಕೇಳಲಿಕ್ಕಲ್ಲ. ಬಂದವರನ್ನು ಕೂರಿಸಿ ಕೇಳಿ. ಕಥೋಲಿಕರೂ ಪ್ರೊಟೆಸ್ಟೆಂಟರಾದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರೂ ಬೇರೆಬೇರೆಯಾಗಿ ಮಾಡಬೇಕಾದ ಕೆಲಸವಲ್ಲ ಇದು. ಅಲ್ಲಿ ಆ ಕೋಣೆಯಲ್ಲಿ ಮಂಚದ ಕೆಳಗೆ ನಮ್ಮ ಚಪ್ಪಲಿಗಳೆಲ್ಲ ಒಂದೇ ಸಾಲಿನಲ್ಲಿದ್ದವು.

ಆ ಹುಡುಗಿಗೆ ಜಪಸರವನ್ನು ಅಮ್ಮನ ಕೈಗೆ ಕೊಟ್ಟು ಹೋಗು, ಗೆಣ್ಣು ಎಣಿಸುವುದನ್ನು ನಾನು ಹೇಳಿಕೊಡುತ್ತೇನೆ ಎಂದಿದ್ದೇನೆ. ಅವಳ ವಿಮಾನಕ್ಕೆ ಇನ್ನು ಐದು ವಾರವಿದೆ. ಅಷ್ಟರೊಳಗೆ ಯಾವುದಾದರೊಂದು ಭಾನುವಾರ ಮಧ್ಯಾಹ್ನ ದೇವಾಲಯದ ಸಭಾಂಗಣದ ಬೀಗದ ಕೈ ನನಗೆ ಕೊಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಕುರ್ಚಿ ಹಾಕಿಸುವುದು, ಕಾಫಿ ತರುವುದು ನನ್ನ ಜವಾಬ್ದಾರಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ದಾದಿ,
ದಕ್ಷಿಣ ಕೊಡಗು